ಮಿಸೆಸ್ ವರ್ನೀಸ್ ಟಾಲಿವರ್

ಅಮೆರಿಕದ ಜಾರ್ಜಿಯಾದ ಡನ್‌ಬರೋದಲ್ಲಿ ರೈಲು ಹಳಿಯಿಂದ ಈಚೆಗಿದ್ದ ಹೆಂಗಸರಲ್ಲಿ ವರ್ನೀಸ್ ಟಾಲಿವರ್ ಕೈಗೆ ತಲೆ ಕೊಡದವರು ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಶನಿವಾರ ಬೆಳಗಾದರೆ ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು. ಹೆಂಗಸರು ಸುಡದಂತೆ ಕಿವಿ ಮಡಚಿ ಹಿಡಿದುಕೊಂಡು ಕೂರುತ್ತಿದ್ದರು. ಮರುದಿನ ಚರ್ಚಿಗೆ ಹೋಗುವ ಹೊತ್ತಿಗೆ ಗುಂಗುರು ಕೂದಲೆಲ್ಲ ರೇಷ್ಮೆಯಂತೆ ನೇರವಾಗಿರಬೇಕಿತ್ತು. ಗಂಡ ಎಲೈಜಾ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಸತ್ತ ಮೇಲೆ ಅವಳು ಈ ಕೆಲಸ ಕಲಿತಳು. ಗಿರಾಕಿಗಳೆಲ್ಲ ನಮ್ಮ ಕರಿಯರೇ ಆದ್ದರಿಂದ ಬಿಳಿಯರ ಹಂಗು ಅವಳಿಗಿರಲಿಲ್ಲ. ಬಾಯಿ ಸ್ವಲ್ಪ ಜೋರಾಗಿದ್ದುದಕ್ಕೂ ಅದೇ ಕಾರಣ.

ಹಳಿಯ ಈಚೆ ಅವಳು ಮಿಸೆಸ್ ಟಾಲಿವರ್. ಹಳಿ ದಾಟಿದರೆ ಬರೀ ವರ್ನೀಸ್. ಬಿಳಿಯರ ಐದು ವರ್ಷದ ಮಗುವೂ ಹಾಗೇ ಕರೆಯುತ್ತಿತ್ತು. ನಮ್ಮ ಹೆಂಗಸರು ವಯಸ್ಸಿದ್ದಾಗ ಬಿಳಿಯರಿಗೆ ‘ಏ ಹುಡುಗಿ’, ತಲೆ ನೆರೆತ ಮೇಲೆ ‘ಆಂಟಿ’. ಮಿಸೆಸ್ ಎಂಬ ಮರ್ಯಾದೆ ಅವರ ಹೆಂಗಸರಿಗೆ ಮಾತ್ರ.

“ಹುಡುಗಿಯಿಂದ ಸೀದಾ ಆಂಟಿಗೆ!” ಎಂದು ವರ್ನೀಸ್ ಬಾಚುತ್ತಲೇ ನಗಿಸುತ್ತಿದ್ದಳು. “ಮಧ್ಯೆ ಮಿಸೆಸ್ ಅನ್ನೋ ಸ್ಟೇಷನ್ ಇದೆಯಲ್ಲ, ಅಲ್ಲಿ ನಮ್ಮ ಗಾಡಿ ನಿಲ್ಲೋದೇ ಇಲ್ಲ ಕಣ್ರೇ.”

ಸಾವಿರದ ಒಂಬೈನೂರ ಅರವತ್ತೆರಡರ ಈಸ್ಟರ್ ಹತ್ತಿರ ಬಂದಾಗ ಅವಳು ಟೋಪಿ ಕೊಳ್ಳಲು ಲ್ಯಾಟಿಮರ್ ಅಂಗಡಿಗೆ ಹೋದಳು. ನೀಲಿ ಬಣ್ಣದ್ದೊಂದನ್ನು ಎತ್ತಿಕೊಳ್ಳುತ್ತಿದ್ದಂತೆ ಮಾರುವ ಹುಡುಗಿ ಓಡಿ ಬಂದಳು. ಇನ್ನೂ ಇಪ್ಪತ್ತು ತುಂಬದ ಬಿಳಿ ಹುಡುಗಿ.

“ವರ್ನೀಸ್, ತಡಿ. ಈ ಬಟ್ಟೆ ತಲೆಗೆ ಕಟ್ಕೊಂಡು ಆಮೇಲೆ ಹಾಕ್ಕೊ.”

“ಯಾಕಮ್ಮಾ?”

“ನಿಮ್ಮವರ ತಲೆ ಎಣ್ಣೆ ಟೋಪಿಗೆ ಹತ್ತತ್ತೆ. ಆಮೇಲೆ ಅದನ್ನ ಯಾರು ತಗೋತಾರೆ?”

ಅಷ್ಟು ಹೇಳಿ ಹುಡುಗಿ ಪಕ್ಕದ ಕನ್ನಡಿಯತ್ತ ತಿರುಗಿ, “ಇದು ನಿಮಗೆ ಎಷ್ಟು ಚೆನ್ನಾಗಿ ಒಪ್ಪತ್ತೆ ನೋಡಿ, ಮಿಸೆಸ್ ಹೋಲ್ಡರ್” ಎಂದಳು. ಮಿಸೆಸ್ ಹೋಲ್ಡರ್ ತಲೆಗೆ ಬಟ್ಟೆ ಇರಲಿಲ್ಲ. ಊರಿನ ಅರ್ಧ ತಲೆಗಳನ್ನು ತೊಳೆದು ಒಪ್ಪ ಮಾಡುವ ವರ್ನೀಸ್ ಆ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತಂತೆ. ನಾಚಿಕೆ ಯಾಕಾಗಬೇಕು, ತಪ್ಪು ನನ್ನದಲ್ಲವಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಮನೆ ಮುಟ್ಟುವಾಗ ಸಿಟ್ಟೇ ಉಳಿದಿತ್ತು.

ಆ ವಾರವೇ ಚರ್ಚಿನಲ್ಲಿ ಸಭೆ. ಪೇಟೆಯ ಅಂಗಡಿಗಳನ್ನು ಬಹಿಷ್ಕರಿಸುವ ಮಾತು ಚಳಿಗಾಲದಿಂದಲೂ ನಡೆದಿತ್ತು. ನಮ್ಮವರಿಗೂ ಮಾರಾಟದ ಕೆಲಸ ಕೊಡಬೇಕು, ಕುಡಿಯುವ ನೀರಿನ ನಲ್ಲಿ ಎಲ್ಲರಿಗೂ ಒಂದೇ ಆಗಬೇಕು, ಅಂಗಡಿಯೊಳಗಿನ ಊಟದ ಕಟ್ಟೆಯಲ್ಲಿ ನಮಗೂ ಕುರ್ಚಿ ಬೇಕು ಎಂಬ ಬೇಡಿಕೆಗಳನ್ನು ಪಾದ್ರಿ ರೆವರೆಂಡ್ ಗ್ಯಾಡ್ಸನ್ ಓದಿದರು. ವರ್ನೀಸ್ ಎದ್ದು ನಿಂತಳು.

“ಇನ್ನೊಂದು ಸೇರಿಸಿ. ನಮ್ಮನ್ನ ಮಿಸ್ಟರ್, ಮಿಸೆಸ್ ಅಂತ ಕರೀಬೇಕು.”

ಅಲ್ಲಲ್ಲಿ ನಗು ಎದ್ದಿತು. ರೆವರೆಂಡರೂ ಮುಗುಳ್ನಕ್ಕರು. “ಸಿಸ್ಟರ್ ಟಾಲಿವರ್, ಇಲ್ಲಿ ಅನ್ನಕ್ಕೇ ತತ್ವಾರ. ನೀವು ಉಪ್ಪಿನಕಾಯಿ ಕೇಳ್ತಿದೀರಲ್ಲ.”

“ರೆವರೆಂಡ್, ತಪ್ಪು ತಿಳೀಬೇಡಿ. ನಿಮಗೆ ಅರವತ್ತಾಯ್ತು. ಪೆಟ್ರೋಲ್ ಹಾಕೋ ಆ ಬಿಳಿ ಪೋರ ನಿಮ್ಮನ್ನ ‘ಏ ಹುಡುಗ’ ಅಂತಾನೆ. ನೀವು ನಗ್ತೀರಿ. ನೀವು ನಕ್ಕಿದ್ದನ್ನ ನಾನು ಕಣ್ಣಾರೆ ನೋಡಿದೀನಿ.”

ಚರ್ಚಿನಲ್ಲಿ ಬೀಸಣಿಗೆಗಳು ನಿಂತವು. ರೆವರೆಂಡ್ ಗ್ಯಾಡ್ಸನ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು “ಸೇರಿಸೋಣ” ಎಂದರು.

ಹಿಂದಿನ ಸಾಲಿನಲ್ಲಿ ವರ್ನೀಸಳ ಅಕ್ಕ ಐಡೆಲ್ ಕೂತಿದ್ದಳು. ಮದುವೆಯಾಗದ ಹೆಂಗಸು. ಅದೇ ಲ್ಯಾಟಿಮರ್ ಸಾಹುಕಾರರ ಮನೆಯಲ್ಲಿ ವರ್ಷಗಟ್ಟಲೆಯಿಂದ ಅಡುಗೆಯವಳು. ಅವರ ಮಕ್ಕಳನ್ನು ಸಾಕಿದ್ದೂ ಅವಳೇ. ಹೊರಗೆ ಬಂದವಳೇ ತಂಗಿಯ ತೋಳು ಹಿಡಿದಳು.

“ನಿಂಗೆ ಸ್ವಂತ ಒಲೆ ಇದೆ ಕಣೇ. ನನ್ನ ಒಲೆ ಅವರ ಮನೇಲಿದೆ. ಅದು ನೆನಪಿರ್ಲಿ.”

“ಅವರು ನಿನ್ನ ಆಂಟಿ ಅಂದಾಗ ನಿಂಗೇನೂ ಅನ್ಸಲ್ವಾ ಅಕ್ಕಾ?”

“ಅನ್ಸತ್ತೆ. ಅನ್ನಿಸ್ಕೊಂಡೇ ರೊಟ್ಟಿ ಸುಡ್ತೀನಿ.”

ಬಹಿಷ್ಕಾರ ಶುರುವಾಯಿತು. ಹೊಸ ಬಟ್ಟೆ ತೊಡುವ ಹಬ್ಬವಾದರೂ ಆ ಈಸ್ಟರಿಗೆ ಚರ್ಚಿನಲ್ಲಿ ಒಂದೇ ಒಂದು ಹೊಸ ಬಟ್ಟೆ ಕಾಣಲಿಲ್ಲ. ಮಕ್ಕಳು ಹಳೆಯ ಬೂಟಿಗೇ ಮಸಿ ಬಳಿದುಕೊಂಡು ಬಂದವು. ಹಬ್ಬ ಕಳೆದ ಮೇಲೆ ಲ್ಯಾಟಿಮರ್ ಮನೆಯಾಕೆ ಐಡೆಲ್‌ಳನ್ನು ಕರೆದು ಕೇಳಿದಳು, “ಆಂಟಿ, ಆ ವರ್ನೀಸ್ ನಿನ್ನ ತಂಗಿ ಅಲ್ವಾ? ಅವಳಿಗೆ ಸ್ವಲ್ಪ ಬುದ್ಧಿ ಹೇಳು.”

“ನಮ್ಮಮ್ಮನ ಕೈಲೇ ಆಗ್ಲಿಲ್ಲ ಅಮ್ಮಾವ್ರೇ, ನನ್ನ ಕೈಲಿ ಆಗತ್ತಾ?”

ಸಂಜೆಗೆ ಕೆಲಸ ಹೋಯಿತು. ಐಡೆಲ್ ಸೀದಾ ತಂಗಿಯ ಅಂಗಡಿಗೆ ಬಂದಳು. ನಾಲ್ಕಾರು ಹೆಂಗಸರು ಕೂತಿದ್ದಂತೆಯೇ ಸೊಂಟದ ಅಡುಗೆಬಟ್ಟೆ ಬಿಚ್ಚಿ ಖಾಲಿ ಕುರ್ಚಿಯ ಮೇಲೆ ಹಾಕಿದಳು. “ತಗೊಳ್ಳಿ ಮಿಸೆಸ್ ಟಾಲಿವರ್. ನಿಮಗೆ ಹೆಸರು ಬಂತು, ನಂಗೆ ರಜಾ ಬಂತು.” ವರ್ನೀಸಳ ಕೈಯಲ್ಲಿದ್ದ ಬಾಚಣಿಗೆ ಆರಿಹೋಯಿತು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಎದುರುಬದುರು ಮನೆ, ಒಂದೇ ಚರ್ಚು. ಆದರೂ ಮುಖ ತಿರುಗಿಸಿಕೊಂಡೇ ಓಡಾಡಿದರು.

ಬೇಸಿಗೆಯಲ್ಲಿ ವರ್ನೀಸ್ ದಿನವೂ ‘ಇಲ್ಲಿ ಕೊಳ್ಳಬೇಡಿ’ ಎಂಬ ಬೋರ್ಡು ಹಿಡಿದು ಲ್ಯಾಟಿಮರ್ ಅಂಗಡಿಯ ಮುಂದೆ ನಿಂತಳು. ಒಬ್ಬ ಉಗಿದ. ಇನ್ನೊಬ್ಬ ಸಿಗರೇಟಿನ ಕಿಡಿಯನ್ನು ಅವಳ ತೋಳಿಗೆ ಒತ್ತಿದ. ಆ ಕಲೆ ಕೊನೆಯವರೆಗೂ ಇತ್ತು. ಜುಲೈನಲ್ಲಿ ಪೊಲೀಸರು ಎಲ್ಲರನ್ನೂ ಹಿಡಿದು ಜೈಲಿಗೆ ಒಯ್ದರು. ಮೇಜಿನ ಹಿಂದೆ ಕೂತ ಪೊಲೀಸಿನವನು ಹೆಸರು ಕೇಳಿದ.

“ಮಿಸೆಸ್ ವರ್ನೀಸ್ ಟಾಲಿವರ್.”

“ಹೆಸರು ಕೇಳ್ದೆ.”

“ಹೇಳಿದ್ನಲ್ಲ ಸಾರ್.”

“ಇಲ್ಲಿ ಮಿಸೆಸ್ಸೂ ಇಲ್ಲ, ಗಿಸೆಸ್ಸೂ ಇಲ್ಲ. ಬರೀ ಹೆಸರು ಹೇಳು, ಸಂಜೆಗೆ ಮನೆಗೆ ಹೋಗು.”

ಜೊತೆಯವರು ಕಣ್ಸನ್ನೆ ಮಾಡಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಉಳಿದವರು ಅಂದು ಸಂಜೆಯೇ ಜಾಮೀನಿನ ಮೇಲೆ ಹೊರಬಂದರು. ಅವಳನ್ನು ಮಾತ್ರ ವಾರಾಂತ್ಯವೆಲ್ಲ ಒಳಗಿಟ್ಟರು. ಹಾಸಿಗೆಯಿಲ್ಲದ ಕಬ್ಬಿಣದ ಮಂಚ, ಒಂದು ಬಕೆಟ್ಟು, ಉಸಿರು ಕಟ್ಟಿಸುವ ಸೆಕೆ. ಅಲ್ಲಿ ತನಗೆ ಧೈರ್ಯವೇನೂ ಇರಲಿಲ್ಲ, ಅತ್ತಿದ್ದೇ ಹೆಚ್ಚು ಎಂದು ಆಮೇಲೆ ಅವಳೇ ಹೇಳುತ್ತಿದ್ದಳು.

ರೆವರೆಂಡ್ ಗ್ಯಾಡ್ಸನ್ ಬಿಡಿಸಿಕೊಂಡು ಮನೆಗೆ ತಂದು ಬಿಟ್ಟಾಗ ಅಡುಗೆಮನೆಯಲ್ಲಿ ಹೊಗೆಯಾಡುತ್ತಿತ್ತು. ಐಡೆಲ್ ಸೊಪ್ಪು ಬೇಯಿಸಿ, ಜೋಳದ ಹಿಟ್ಟಿನ ರೊಟ್ಟಿ ಸುಟ್ಟಿದ್ದಳು. ಕೋಳಿಗಳಿಗೂ ಕಾಳು ಹಾಕಿದ್ದಳು. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ.

“ಮೊದ್ಲು ಸ್ನಾನ ಮಾಡು. ನಾರ್ತಿದೀಯಾ.”

“ಅಕ್ಕಾ...”

“ಮಾತು ಬೇಡ. ತಿಂದ್ಮೇಲೆ ಬೈತೀನಿ.”

ತಿಂದ ಮೇಲೆ ಬೈದಳು. ಕತ್ತಲಾಗುವವರೆಗೂ ಬೈದಳು. ಮಾರನೆಯ ದಿನ ಬೋರ್ಡು ಹಿಡಿಯಲು ತಾನೂ ಬಂದಳು. “ಹೇಗೂ ಕೆಲಸ ಇಲ್ವಲ್ಲ” ಎಂಬುದೇ ಅವಳು ಕೊಟ್ಟ ಕಾರಣ.

ಪೇಟೆಯವರು ಕ್ರಿಸ್ಮಸ್ ವ್ಯಾಪಾರವೂ ಕೈತಪ್ಪುವುದನ್ನು ಕಂಡು ಬಗ್ಗಿದರು. ನಲ್ಲಿ ಒಂದಾಯಿತು. ಲ್ಯಾಟಿಮರ್ ಅಂಗಡಿಯಲ್ಲಿ ನಮ್ಮ ಇಬ್ಬರು ಹುಡುಗಿಯರಿಗೆ ಕೆಲಸ ಸಿಕ್ಕಿತು. ಊಟದ ಕಟ್ಟೆಯ ಮಾತನ್ನು ಮುಂದೆ ಹಾಕಿದರು. ಅದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು. ಮಿಸೆಸ್ ಎನ್ನುವುದಕ್ಕೆ ಮಾತ್ರ ಲ್ಯಾಟಿಮರ್ ಸಾಹುಕಾರ ಕೊನೆಯವರೆಗೂ ಜಗ್ಗಾಡಿದನಂತೆ. ಕೆಲಸ ಕೊಟ್ಟೇನು, ನಾಲಗೆ ಹೇಗೆ ಕೊಡಲಿ ಎಂದನಂತೆ. ಕೊನೆಗೆ ಅದನ್ನೂ ಕೊಟ್ಟ.

ಜನವರಿಯಲ್ಲಿ ಅಕ್ಕತಂಗಿಯರು ಟೋಪಿ ನೋಡಲು ಹೋದರು. ಅದೇ ಬಿಳಿ ಹುಡುಗಿ ಇದ್ದಳು. ಮುಖ ಕೆಂಪಗೆ ಮಾಡಿಕೊಂಡು, ಮೇಜನ್ನೇ ನೋಡುತ್ತಾ, “ಏನು ಬೇಕಿತ್ತು... ಮಿಸೆಸ್ ಟಾಲಿವರ್?” ಎಂದಳು. ವರ್ನೀಸ್ ಒಂದಾದ ಮೇಲೊಂದು ಟೋಪಿ ಹಾಕಿ ನೋಡಿದಳು. ಯಾರೂ ಬಟ್ಟೆ ತರಲಿಲ್ಲ. ನೀಲಿ, ಬಿಳಿ, ಹೂವಿಟ್ಟದ್ದು, ಬಲೆಯದ್ದು, ಯಾವುದೂ ಹಿಡಿಸಲಿಲ್ಲ.

“ಅಕ್ಕಾ, ಇಷ್ಟು ಕೆಟ್ಟ ಟೋಪಿಗಳಿಗೋಸ್ಕರ ಜೈಲಿಗೆ ಹೋದ್ನಾ ನಾನು?”

“ಮೆಲ್ಲಗೆ ಮಾತಾಡೇ” ಎಂದ ಐಡೆಲ್ ತಾನೇ ಜೋರಾಗಿ ನಕ್ಕುಬಿಟ್ಟಳು. ಏನೂ ಕೊಳ್ಳದೆ ಇಬ್ಬರೂ ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದರು.

ಐಡೆಲ್‌ಗೆ ಮತ್ತೆ ಯಾವ ಬಿಳಿಯರ ಮನೆಯಲ್ಲೂ ಕೆಲಸ ಸಿಗಲಿಲ್ಲ. ತಂಗಿಯ ಅಂಗಡಿಯಲ್ಲಿ ತಲೆ ತೊಳೆದುಕೊಡುತ್ತಿದ್ದಳು, ದಿನಕ್ಕೊಮ್ಮೆ ಜಗಳವಾಡುತ್ತಿದ್ದಳು. ತಾನು ಸಾಕಿದ ಲ್ಯಾಟಿಮರ್ ಮಕ್ಕಳಲ್ಲಿ ಕಿರಿಯವನ ಮದುವೆಗೆ ಕರೆಯಲಿಲ್ಲವೆಂದು ಒಂದು ದಿನ ಬಾಗಿಲು ಹಾಕಿಕೊಂಡು ಅತ್ತಳು. ಆ ದಿನ ವರ್ನೀಸ್ ಅಂಗಡಿ ತೆರೆಯಲಿಲ್ಲ. ಅಕ್ಕನ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಸಂಜೆ ಐಡೆಲ್ ಬಾಗಿಲು ತೆಗೆದು, “ಒಳಗೆ ಬಾ, ಸೊಳ್ಳೆ ಕಚ್ತವೆ” ಎಂದಳು.