ಮುನಿಗಂಗಮ್ಮ ಹಿಡಿದ ಮಂಡಿ

ಮುನಿಗಂಗಮ್ಮನ ಕೈಗೆ ಕಾಲು ಕೊಟ್ಟರೆ ಕಾಲು ವಾಪಸ್ ಬರುತ್ತದೆ, ಕಿವಿ ಕೊಟ್ಟರೆ ಬರುವುದಿಲ್ಲ ಎಂದು ಕೊಡಿಗೇಹಳ್ಳಿಯ ನಮ್ಮ ಬೀದಿಯವರು ಹೇಳುತ್ತಿದ್ದರು. ಹಿಂದಿನಿಂದಲ್ಲ, ಆಕೆಯ ಎದುರಿಗೇ. ಆಕೆಯೂ ನಗುತ್ತಿದ್ದಳು. ಉಳುಕಿದ ಕಾಲು ಸರಿಮಾಡುವುದರಲ್ಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಆಕೆಯಂಥ ಕೈ ಇರಲಿಲ್ಲ. ಕಬಡ್ಡಿಯ ಮಾತು ಎತ್ತಿದರೆ ಆಕೆಯಂಥ ಬಾಯಿಯೂ ಇರಲಿಲ್ಲ.

ಕೈ ಬಂದದ್ದು ಅತ್ತೆ ಮುನಿಶಾಮಮ್ಮನಿಂದ. ಏರ್‌ಪೋರ್ಟ್ ರಸ್ತೆ ಇಷ್ಟು ಅಗಲವಾಗುವ ಮುಂಚಿನ ಮಾತು. ಆಗ ಕೆರೆಯಂಗಳದಲ್ಲಿ ಮಣ್ಣು ಹದಮಾಡಿ ಕಬಡ್ಡಿ ಆಡುತ್ತಿದ್ದರು. ಗಂಡ ಮುನಿಆಂಜಿನಪ್ಪ ಊರಿನ ಟೀಮಿಗೆ ನಾಯಕ. ಆಟ ಮುಗಿದ ಸಂಜೆ ಇವರ ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಆಡಿದವರೆಲ್ಲ ಕಾಲು ಚಾಚಿ ಕೂರುತ್ತಿದ್ದರು. ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಸೊಸೆಯ ಬೆರಳುಗಳನ್ನು ತನ್ನ ಬೆರಳ ಕೆಳಗಿಟ್ಟು ನರ ಎಲ್ಲಿ ಹತ್ತಿಕೊಂಡಿದೆ, ಎಲ್ಲಿ ಒತ್ತಬೇಕು, ಎಲ್ಲಿ ಒತ್ತಲೇಬಾರದು ಎಂದು ತೋರಿಸಿಕೊಟ್ಟಳು. ಜೊತೆಗೆ ಎರಡು ಕಟ್ಟಳೆ ಹಾಕಿದಳು. ಒಂದು, ಯಾರಿಂದಲೂ ಏನೂ ತೆಗೆದುಕೊಳ್ಳಬಾರದು. ಒಂದು ವೀಳ್ಯದೆಲೆ ಸಾಕು. ಇನ್ನೊಂದು, ಕಾಲು ಹಿಡಿದಾಗ ಬೆರಳಿಗೆ ಗೊತ್ತಾಗಿದ್ದನ್ನು ಬಾಯಿಗೆ ಬಿಡಬಾರದು. ಪಕ್ಕದ ಊರಿನ ಆಟಗಾರರೂ ಅದೇ ಕಟ್ಟೆಗೆ ಬರುತ್ತಿದ್ದರಲ್ಲ. ಒಬ್ಬನ ನೋವು ಇನ್ನೊಬ್ಬನಿಗೆ ತಿಳಿದರೆ ಮಾರನೇ ದಿನ ಎಲ್ಲರೂ ಅದೇ ಕಾಲಿಗೆ ಬೀಳುತ್ತಾರೆ.

ಅತ್ತೆ ಹೋದಳು, ಕೆಲವು ವರ್ಷಕ್ಕೆ ಗಂಡನೂ ಹೋದ. ಮಗಳು ನಯನಾ ಮದುವೆಯಾಗಿ ಮಾಕಳಿ ಸೇರಿದಳು. ಮುನಿಗಂಗಮ್ಮ ಮನೆಯ ಮುಂದಿನ ಕೋಣೆಯನ್ನೇ ಇಡ್ಲಿ ಹೋಟೆಲು ಮಾಡಿದಳು. ನಾಲ್ಕು ಬೆಂಚು, ಒಂದು ಟೀವಿ. ಕಬಡ್ಡಿ ಲೀಗು ಶುರುವಾಗಿ ಬೆಂಗಳೂರಿಗೂ ಒಂದು ಟೀಮು ಬಂದ ಮೇಲೆ ಆ ಕೋಣೆಗೆ ಕಳೆ ಬಂತು. ಹಿಂದಿನ ದಿನದ ಆಟವನ್ನು ಬೆಳಿಗ್ಗೆ ಇಡ್ಲಿಯ ಜೊತೆ ಇನ್ನೊಂದು ಸಲ ಆಡುತ್ತಿದ್ದರು. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ಬಿಟ್ಟವನು ಬೇರೆ ಊರಿನ ಟೀಮಿಗೆ ಹೋಗಿ ನಮ್ಮ ಮೇಲೇ ಹೇಗೆ ಪಾಯಿಂಟು ಹೊಡೆದ, ಇದೇ ಮಾತು. ಕ್ರಿಕೆಟ್ ವಿಚಾರ ಎತ್ತಿದವರಿಗೆ ಎರಡನೇ ಸಲ ಚಟ್ನಿ ಬೀಳುತ್ತಿರಲಿಲ್ಲ.

ವಾದಕ್ಕೆ ಮುಖ್ಯವಾಗಿ ಇಬ್ಬರು. ಒಬ್ಬಳು ಸೌಟು ಹಿಡಿದ ಮುನಿಗಂಗಮ್ಮ. ಇನ್ನೊಬ್ಬರು ನರಸಿಂಹಯ್ಯ ಮೇಷ್ಟ್ರು, ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿ ನಿವೃತ್ತರಾದವರು. ಊರಿನ ಕಬಡ್ಡಿ ಪಂದ್ಯಕ್ಕೆ ಮೂವತ್ತು ವರ್ಷ ಅವರದೇ ಸೀಟಿ. ಅವರ ಬಳಿ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಪ್ರತಿ ವರ್ಷ ಟೀಮಿನವರು ಆರಿಸುವ ಮೊದಲೇ ಅದರಲ್ಲಿ ತಮ್ಮ ಏಳು ಜನರನ್ನು ಬರೆದಿಡುತ್ತಿದ್ದರು. ಪಂಕ್ಚರ್ ಅಂಗಡಿಯ ನಾಗೇಶ ಇಬ್ಬರಿಗೂ ಕೀ ಕೊಟ್ಟು ಬಿಡುವವನು.

"ಅಂಗಿ ಮೇಲೆ ಬೆಂಗಳೂರು ಅಂತ ಬರ್ದವ್ರೆ. ಅಂಗಿ ಒಳಗೆ ಒಬ್ನಾದ್ರೂ ನಮ್ಮೋನು ಅವ್ನಾ ಮೇಷ್ಟ್ರೇ?" ಎಂದು ಆಕೆ ಕೇಳುತ್ತಿದ್ದಳು.

"ಆಟಕ್ಕೆ ಊರು ಕೇಳಬಾರದು ಗಂಗಮ್ಮ, ಉಸಿರು ಕೇಳಬೇಕು" ಎಂದು ಮೇಷ್ಟ್ರು.

"ನಿಮ್ಮ ಪಟ್ಟಿಲಿರೋರಿಗೆ ಉಸಿರೂ ಇಲ್ಲ, ಊರೂ ಇಲ್ಲ" ಎಂದು ಆಕೆ. ಕೋಣೆಯೆಲ್ಲ ನಗುತ್ತಿತ್ತು. ಮೇಷ್ಟ್ರೂ ನಗುತ್ತಾ ಇನ್ನೊಂದು ಇಡ್ಲಿ ಹಾಕಿಸಿಕೊಳ್ಳುತ್ತಿದ್ದರು.

ನಮ್ಮೋನೊಬ್ಬ ಆ ಅಂಗಿಯೊಳಗೆ ಇರಬೇಕು ಎಂಬ ಆಸೆಗೆ ಒಂದು ಮುಖವೂ ಇತ್ತು. ಮುನೇಶ. ಮುನಿಗಂಗಮ್ಮನ ತಂಗಿಯ ಮಗ, ಎರಡು ಬೀದಿ ಆಚೆ ಮನೆ. ಬೆಳಗಿನ ಜಾವ ಹಾಲಿನ ವ್ಯಾನು ಓಡಿಸಿ, ಸಂಜೆ ಮೈದಾನಕ್ಕಿಳಿದರೆ ಎದುರಿನ ಏಳು ಜನರ ನಡುವೆ ಹೊಗೆಯಂತೆ ನುಗ್ಗಿ ಬರುತ್ತಿದ್ದ. ಅವನಿಗೆ ಇಪ್ಪತ್ತೆರಡಾದ ವರ್ಷ, ಈಗ್ಗೆ ಏಳು ವರ್ಷದ ಹಿಂದೆ, ಬೆಂಗಳೂರು ಟೀಮಿನವರು ಹೊಸಬರನ್ನು ಆರಿಸಲು ಯಲಹಂಕದಲ್ಲಿ ಎರಡು ದಿನದ ಟ್ರಯಲ್ಸ್ ಇಟ್ಟರು.

ಅದಕ್ಕೆ ಮೂರು ವಾರವಿದ್ದಾಗ ಹೆಸರಘಟ್ಟದ ಕಡೆ ಒಂದು ಪಂದ್ಯದಲ್ಲಿ ಅವನ ಎಡ ಮಂಡಿ ತಿರುಚಿಕೊಂಡಿತು. ಯಾರಿಗೂ ತಿಳಿಯದ ಹಾಗೆ ದೊಡ್ಡಮ್ಮನ ಹಿಂಬಾಗಿಲಿಗೆ ಬಂದ. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಕೇಳಿಕೊಂಡ. ಆಕೆ ಮೂರು ವಾರ ದಿನಾ ಎರಡು ಹೊತ್ತು ಆ ಮಂಡಿ ನೀವಿದಳು, ಉಪ್ಪಿನ ಶಾಖ ಕೊಟ್ಟಳು. ಊತ ಇಳಿಯಿತು. ಇನ್ನು ಹತ್ತು ದಿನ ಸಿಕ್ಕಿದ್ದರೆ ಪೂರಾ ಗಟ್ಟಿಯಾಗುತ್ತಿತ್ತು. ಆದರೆ ಟ್ರಯಲ್ಸು ಬಂದೇಬಿಟ್ಟಿತು.

ಮೊದಲ ದಿನ ಮುನೇಶ ಚೆನ್ನಾಗಿ ಆಡಿದ. ಮಾರನೇ ದಿನದ ಪಟ್ಟಿಯಲ್ಲಿ ಅವನ ಹೆಸರಿತ್ತು. ಆ ಮಾರನೇ ದಿನದ ಬೆಳಿಗ್ಗೆಯೇ ಆಗಬಾರದ್ದು ಆಗಿಹೋಯಿತು.

ಹೋಟೆಲಿನಲ್ಲಿ ಅವನದೇ ಮಾತು. ಇವತ್ತು ತಗೊಂಡೇ ತಗೋತಾರೆ ಎಂದು ನಾಗೇಶ. ಮೇಷ್ಟ್ರು ಹಿಂದಿನ ದಿನ ಹೋಗಿ ನೋಡಿಕೊಂಡು ಬಂದಿದ್ದರು. ಅವರು ಇಲ್ಲ ಎಂದು ತಲೆಯಾಡಿಸಿದರು. ನೋಟ್‌ಬುಕ್ಕಿನಲ್ಲಿ ಆರು ಹೆಸರು ಬರೆದಿದ್ದರು, ಏಳನೆಯದು ಖಾಲಿ.

"ಇವನನ್ನ ಹೇಗೆ ಬರೀಲಿ ಗಂಗಮ್ಮ? ಎಡಗಡೆ ಕಾರ್ನರ್ ಹತ್ರ ಒಂದು ಸಲಾನೂ ಹೋಗ್ಲಿಲ್ಲ. ಪುಕ್ಕಲ."

ಕೋಣೆ ನಕ್ಕಿತು. ದಿನಾ ನಗಿಸುತ್ತಿದ್ದವಳು ಅವತ್ತು ನಗೆಗೆ ಸಿಕ್ಕಿದಳು. ತಾನು ಎತ್ತಿ ಆಡಿಸಿದವನನ್ನು ಪುಕ್ಕಲ ಎಂದರು ಎಂಬ ಸಂಕಟ ಒಂದು, ಮೇಷ್ಟ್ರ ಮುಂದೆ ಸೋತೆ ಎಂಬ ಉರಿ ಇನ್ನೊಂದು. ಸೌಟು ಹಿಡಿದೇ ಮುಂದೆ ಬಂದಳು.

"ಪುಕ್ಕಲ ಅಲ್ಲ ಕಣ್ರಿ. ಮಂಡಿ ಉಳುಕೈತೆ ಅವ್ನಿಗೆ. ಮೂರು ವಾರ ನನ್ನ ಕೈಲೇ ಇತ್ತು. ಅಂಥ ಮಂಡಿ ಇಟ್ಕೊಂಡು ನೆನ್ನೆ ಅಂಗೆ ಆಡವ್ನೆ. ಈಗೇನಂತೀರಾ?"

ಮೇಷ್ಟ್ರ ಮುಖ ಬದಲಾಯಿತು. ಗೆದ್ದೆ ಎಂದುಕೊಂಡಳು. ಮೂಲೆಯ ಬೆಂಚಿನಲ್ಲಿ ಬಿಳಿ ಅಂಗಿಯ ಹೊಸಬನೊಬ್ಬ ಕೂತಿದ್ದ. ಯಾವ ಮಂಡಿ ಎಂದು ಅವನು ಮೆಲ್ಲಗೆ ಕೇಳಿದ. ಎಡದ್ದು ಎಂದು ಆಕೆ ಹೆಮ್ಮೆಯಿಂದಲೇ ಹೇಳಿ ಅವನ ತಟ್ಟೆಗೆ ಚಟ್ನಿ ಬಡಿಸಿದಳು. ಅವನು ಕೈ ತೊಳೆದು ಹೊರಗೆ ನಿಲ್ಲಿಸಿದ್ದ ಕಾರು ಹತ್ತಿದಾಗ, ಹಿಂದಿನ ಗಾಜಿನ ಮೇಲೆ ಬೆಂಗಳೂರು ಟೀಮಿನ ಸ್ಟಿಕ್ಕರು ಅಂಟಿಸಿದ್ದನ್ನು ಮೊದಲು ನೋಡಿದವರು ಮೇಷ್ಟ್ರು. ಆಮೇಲೆ ಮುನಿಗಂಗಮ್ಮ.

ಮಧ್ಯಾಹ್ನ ಮುನೇಶ ಬಂದು ಹಿಂಬಾಗಿಲ ಕಟ್ಟೆಯ ಮೇಲೆ ಕೂತ. ಅವನನ್ನು ಮ್ಯಾಟಿನ ಮೇಲೆ ಇಳಿಸಲೇ ಇಲ್ಲವಂತೆ.

"ಟೀಮಿನ ಡಾಕ್ಟ್ರು ಮಲಗಿಸಿದ್ರು ದೊಡ್ಡಮ್ಮ. ಬಲಗಾಲು ಮುಟ್ಟಲೂ ಇಲ್ಲ. ನೇರ ಎಡ ಮಂಡಿಗೇ ಕೈ ಹಾಕಿದ್ರು. ಯಾರೋ ಹೇಳವ್ರೆ."

ಆಕೆ ಅಕ್ಕಿ ಆರಿಸುತ್ತಿದ್ದಳು. ಬೆರಳು ನಿಂತಿತು. ಮೇಷ್ಟ್ರೇ ಇರಬೇಕು, ನೆನ್ನೆ ಆಟ ನೋಡಿಯೇ ಅವರಿಗೆ ಮಂಡಿಯ ವಿಷಯ ಗೊತ್ತಾಗಿರಬೇಕು ಎಂದು ಅವನೇ ಮುಂದುವರಿಸಿದ. ಆರಿಸುವವರಲ್ಲಿ ಒಬ್ಬ ಅವರ ಪರಿಚಯದವನಂತೆ. ಬೆಳಿಗ್ಗೆ ಹೋಟೆಲಿನಲ್ಲಿ ಅವರು ತನ್ನನ್ನು ಆಡಿಕೊಂಡರೆಂದು ನಾಗೇಶ ಹೇಳಿದನಂತೆ. ನಾಗೇಶ ಅಷ್ಟೇ ಹೇಳಿದ್ದ, ದೊಡ್ಡಮ್ಮನ ಮಾತು ಹೇಳಿರಲಿಲ್ಲ. ಅವತ್ತು ಹೋಟೆಲಿನಲ್ಲಿದ್ದ ಉಳಿದವರೂ ಆಕೆಯ ಮುಲಾಜಿಗೆ ಮುಂದೆಂದೂ ಅದನ್ನು ಎತ್ತಲಿಲ್ಲ. ಮುನಿಗಂಗಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಿಂತ ಬೆರಳು ಮತ್ತೆ ಅಕ್ಕಿ ಆರಿಸತೊಡಗಿತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಏಳು ವರ್ಷ ಬರಲಿಲ್ಲ.

ಆ ವರ್ಷದ ಊರ ಪಂದ್ಯಕ್ಕೆ ಸೀಟಿ ಊದಲು ಮೇಷ್ಟ್ರನ್ನು ಕರೆಯಲಿಲ್ಲ. ಮುನೇಶನ ಗೆಳೆಯರು ಬೇಡವೆಂದರು. ಮುಂದಿನ ವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಎದುರಿಗೆ ಸಿಕ್ಕರೆ ಮುನೇಶ ಮುಖ ತಿರುಗಿಸುತ್ತಿದ್ದ. ಮೇಷ್ಟ್ರು ಮಾತ್ರ ಎಂದಿನಂತೆ ಎಂಟು ಗಂಟೆಗೆ ಬಂದು ಎರಡು ಇಡ್ಲಿ ತಿನ್ನುತ್ತಿದ್ದರು. ಒಂದು ಮಾತು ಆಡಿದ್ದರೆ ಅವರ ಮೇಲಿನ ದೂರು ಇಳಿದುಹೋಗುತ್ತಿತ್ತು. ಆಡಲಿಲ್ಲ. ಆದರೆ ವಾದ ಮಾಡುವುದನ್ನು ಬಿಟ್ಟುಬಿಟ್ಟರು. ಟೀಮಿನವರು ಯಾರನ್ನೇ ಇಟ್ಟುಕೊಳ್ಳಲಿ, ಯಾರನ್ನೇ ಬಿಡಲಿ, ನೀವು ಹೇಳಿದ್ದೇ ಸರಿ ಗಂಗಮ್ಮ ಎನ್ನುತ್ತಿದ್ದರು. ಅಲ್ಲಿಂದಾಚೆಗೆ ಆಕೆ ಎಲ್ಲ ವಾದವನ್ನೂ ಗೆದ್ದಳು. ಅಂಥ ಗೆಲುವು ಯಾರಿಗೂ ಬೇಡ.

ಒಂದು ಸಲ, ಹೋಟೆಲಿನಲ್ಲಿ ಬೇರೆ ಯಾರೂ ಇಲ್ಲದಾಗ, "ಮೇಷ್ಟ್ರೇ, ಅವತ್ತು ನಾನು..." ಎಂದು ಆಕೆ ಶುರುಮಾಡಿದಳು.

"ಪುಕ್ಕಲ ಅಂತ ಅಂದದ್ದು ನಾನಲ್ವಾ ತಾಯಿ" ಎಂದು ಮೇಷ್ಟ್ರು ಅಲ್ಲಿಗೇ ತಡೆದರು. ಎದ್ದು ಕೈ ತೊಳೆಯಲು ಹೋದರು.

ಉಳುಕು ತೆಗೆಯುವುದನ್ನೂ ಆಕೆ ನಿಲ್ಲಿಸಿದಳು. ಹಿಂಬಾಗಿಲಿಗೆ ಯಾರಾದರೂ ಕುಂಟಿಕೊಂಡು ಬಂದರೆ, ಬೆರಳಲ್ಲಿ ಶಕ್ತಿಯಿಲ್ಲ, ಆಸ್ಪತ್ರೆಗೆ ಓಗಪ್ಪ ಎನ್ನುತ್ತಿದ್ದಳು. ವಯಸ್ಸಾಯಿತು ಎಂದು ಬೀದಿಯವರು ತಿಳಿದರು. ಅದೇ ಬೆರಳು ದಿನಾ ಸಂಜೆ ಅಷ್ಟು ದೊಡ್ಡ ಹಿಟ್ಟಿನ ಪಾತ್ರೆ ಎತ್ತುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮುನೇಶನ ಮಂಡಿ ಆಮೇಲೆ ಪೂರಾ ಸರಿಹೋಯಿತು, ಆದರೆ ಮತ್ತೆ ಯಾವ ಟೀಮಿನವರೂ ಅವನನ್ನು ಕರೆಯಲಿಲ್ಲ. ಹಾಲಿನ ವ್ಯಾನು ಬಿಟ್ಟು ಸ್ವಂತ ಟೆಂಪೋ ತೆಗೆದುಕೊಂಡ. ಮದುವೆಯಾದ. ಹಬ್ಬಕ್ಕೆ ದೊಡ್ಡಮ್ಮನಿಗೆ ಸೀರೆ ತರುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಆ ಸೀರೆಗಳನ್ನು ಆಕೆ ಒಂದನ್ನೂ ಉಡಲಿಲ್ಲ.

ಹೋದ ಆಷಾಢದಲ್ಲಿ ನರಸಿಂಹಯ್ಯ ಮೇಷ್ಟ್ರು ತೀರಿಕೊಂಡರು. ಅವರ ಮನೆಯ ಮುಂದೆ ಹಳೆಯ ಆಟಗಾರರೆಲ್ಲ ಸೇರಿದ್ದರು. ಬೀದಿಯ ತುದಿಯಲ್ಲಿ ಮುನೇಶನ ಟೆಂಪೋ ನಿಂತಿತ್ತು, ಅವನು ಇಳಿಯಲಿಲ್ಲ. ಹೂವು ಹಿಡಿದು ನಿಂತಿದ್ದ ಮುನಿಗಂಗಮ್ಮ ಅದನ್ನು ನೋಡಿದಳು. ಹದಿಮೂರನೇ ದಿನ ಕಳೆದ ಮೇಲೆ ಮೇಷ್ಟ್ರ ಮಗಳು ಅಕ್ಷಯಾ ಬಂದು ನೀಲಿ ನೋಟ್‌ಬುಕ್ಕನ್ನು ಕೊಟ್ಟು ಹೋದಳು. ಅಪ್ಪನ ಜೊತೆ ಇದರ ಬಗ್ಗೆ ಜಗಳ ಆಡ್ತಿದ್ದೋರು ನೀವೊಬ್ರೇ, ನಿಮ್ಮ ಹತ್ರಾನೇ ಇರಲಿ ಎಂದಳು.

ಮುನಿಗಂಗಮ್ಮ ನಿಧಾನವಾಗಿ ಓದುವವಳು. ಆ ವರ್ಷದ ಹಾಳೆ ಸಿಗಲು ಹೊತ್ತೇನೂ ಹಿಡಿಯಲಿಲ್ಲ. ಆರು ಹೆಸರು. ಏಳನೆಯ ಜಾಗದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ, ಮುನೇಶ. ಪಕ್ಕದಲ್ಲಿ, ಎಡ ಮಂಡಿ. ಕೆಳಗೆ ಆ ದಿನದ ತಾರೀಖು. ಅಷ್ಟೇ. ಪುಕ್ಕಲ ಎಂದು ಕೋಣೆಯನ್ನು ನಗಿಸಿದವರು ಮನೆಗೆ ಹೋಗಿ, ತಮ್ಮ ತಪ್ಪು ತಿದ್ದಿಕೊಂಡು ಮುನೇಶನ ಹೆಸರು ಸೇರಿಸಿದ್ದರು.

ಈ ಕಾರ್ತಿಕದಲ್ಲಿ ಮನೆಯ ಜಾಗ ಬಿಲ್ಡರಿಗೆ ಹೋಯಿತು. ಮೈದುನಂದಿರೆಲ್ಲ ಸೇರಿ ಸಹಿ ಹಾಕಿದ್ದರು. ಮುನಿಗಂಗಮ್ಮ ಮಗಳ ಜೊತೆ ಮಾಕಳಿಗೆ ಹೊರಟಳು. ಸಾಮಾನು ಸಾಗಿಸಲು ಮುನೇಶನೇ ಟೆಂಪೋ ತಂದ. ಬೆಂಚು, ಇಡ್ಲಿ ಪಾತ್ರೆ, ಟೀವಿ, ಒಂದೊಂದನ್ನೂ ತಾನೇ ಹೊತ್ತು ಹಾಕಿದ. ದೊಡ್ಡಮ್ಮ ಮುಂದೆ ಕೂತ್ಕೊಳ್ಳಲಿ ಎಂದು ತನ್ನ ಪಕ್ಕದ ಸೀಟನ್ನು ಒರೆಸಿ ಖಾಲಿ ಇಟ್ಟಿದ್ದ. ಕೊನೆಗೆ ಗೂಡಿನಲ್ಲಿದ್ದ ನೋಟ್‌ಬುಕ್ಕು ಅವನ ಕೈಗೆ ಸಿಕ್ಕಿತು. ಮೇಷ್ಟ್ರದ್ದು ಎಂದು ಗುರುತು ಹಿಡಿದ. ನಿಂತುಕೊಂಡೇ ಹಾಳೆ ಮಗುಚಿದ. ಒಂದು ಕಡೆ ಕೈ ನಿಂತಿತು.

"ನೋಡು ದೊಡ್ಡಮ್ಮ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವರ ಅಕ್ಷರದಲ್ಲೇ ಐತೆ. ತಾರೀಖು ಸಮೇತ. ಬರ್ಕೊಂಡು ಹೋಗಿ ಹೇಳವ್ರೆ. ಹೋಗ್ಲಿ ಬಿಡು, ಸತ್ತೋರ ಮೇಲೆ ಯಾಕೆ. ಇವತ್ತಿಗೆ ಮುಗೀತು."

ನಿಜವಾಗಿ ಮುಗಿಯುತ್ತಿತ್ತು. ಆಕೆ ಸುಮ್ಮನಿದ್ದರೆ ಸಾಕಿತ್ತು. ಮೇಷ್ಟ್ರು ಇನ್ನು ಎದ್ದು ಬರುವಂತಿಲ್ಲ, ಬದುಕಿದ್ದಾಗಲೇ ಆಡದವರು. ಒಂದು ಹೆಜ್ಜೆ ಹೊರಗಿಟ್ಟರೆ ಈ ಮನೆಯೂ ಇಲ್ಲ, ಆ ಬೆಂಚಿನ ಮೂಲೆಯೂ ಇಲ್ಲ. ಮುನಿಗಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವ್ರಲ್ಲ ಕಣಪ್ಪ. ಅಂದೋಳು ನಾನು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಎಲ್ಲ ಹೇಳಿದಳು. ಪುಕ್ಕಲ ಎಂದದ್ದು, ಕೋಣೆ ನಕ್ಕದ್ದು, ಬಿಳಿ ಅಂಗಿಯವನಿಗೆ ಚಟ್ನಿ ಬಡಿಸಿದ್ದು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ.

ಮುನೇಶ ತನಗೇ ಗೊತ್ತಿಲ್ಲದೆ ಎಡ ಮಂಡಿಯ ಮೇಲೆ ಕೈ ಇಟ್ಟುಕೊಂಡಿದ್ದ.

"ಮೇಷ್ಟ್ರಿಗೆ ಗೊತ್ತಿತ್ತಾ?"

"ಎದುರಿಗೇ ಕೂತಿದ್ರು."

"ಏಳು ವರ್ಷ ಒಂದು ಮಾತೂ ಆಡ್ಲಿಲ್ವಾ?"

"ಇಲ್ಲ."

ಅವನು ನೋಟ್‌ಬುಕ್ಕು ಮುಚ್ಚಿದ. "ನಾನು ಅವರ ಮಣ್ಣಿಗೂ ಹೋಗ್ಲಿಲ್ಲ" ಎಂದ. ದೊಡ್ಡಮ್ಮನಿಗೆ ಹೇಳಿದ್ದಲ್ಲ ಅದು.

ಬಯ್ಯುತ್ತಾನೆ ಎಂದುಕೊಂಡಿದ್ದಳು. ಬಯ್ಯಲಿಲ್ಲ. ಹೊರಗೆ ಹೋಗಿ ಹಗ್ಗ ಬಿಗಿದು, ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದ. ದೊಡ್ಡಮ್ಮನಿಗೆಂದು ಒರೆಸಿದ್ದ ಮುಂದಿನ ಸೀಟಿನ ಮೇಲೆ ನೋಟ್‌ಬುಕ್ಕನ್ನು ಇಟ್ಟ. ದೊಡ್ಡಮ್ಮನನ್ನು ಆಟೋದಲ್ಲಿ ಕರಕೊಂಡು ಬಾ ಎಂದು ಹೊರಗೆ ನಿಂತಿದ್ದ ನಯನಾಳಿಗೆ ಹೇಳಿ ಟೆಂಪೋ ಹತ್ತಿದ. ಟೆಂಪೋ ಮಾಕಳಿಯ ಕಡೆಗೆ ತಿರುಗಲಿಲ್ಲ. ಮೇಷ್ಟ್ರ ಮನೆಯಿರುವ ಬೀದಿಗೆ ತಿರುಗಿತು.

ಏನಾಯ್ತಮ್ಮ ಎಂದು ನಯನಾ ಎರಡು ಸಲ ಕೇಳಿದಳು. ಕಾಲು ಉಳುಕಿದರೆ ಇಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಮುಟ್ಟಿ ಹೇಳುತ್ತಿದ್ದವಳಿಗೆ ಇದಕ್ಕೆ ಎಷ್ಟು ದಿನ ಎಂದು ಹೇಳಲು ತಿಳಿಯಲಿಲ್ಲ. ಗೂಡಿನ ದೀಪದ ಬುಡದಲ್ಲಿ ಹರಳೆಣ್ಣೆಯ ಶೀಸೆಯೊಂದು ಉಳಿದಿತ್ತು. ಅದನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಬಾಗಿಲು ಎಳೆದುಕೊಳ್ಳದೆ, ಹಿಂದೆ ತಿರುಗಿ ನೋಡದೆ, ಹೊಸಿಲು ದಾಟಿದಳು.