ಗುಡಿಸಿದ ಅಕ್ಕಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿಂದೆ ರೈಲು ಹಳಿ ಇತ್ತು, ರೈಲು ಮಾತ್ರ ಬರುತ್ತಿರಲಿಲ್ಲ. ತೊಂಬತ್ತರ ದಶಕದ ಮಾತು. ಮೈಸೂರಿನ ಮುಖ್ಯ ಹಳಿಯನ್ನು ಅಗಲ ಮಾಡಿದಾಗ ಈ ಕಿರಿದಾದ ಕವಲನ್ನು ಹಾಗೇ ಕೈಬಿಟ್ಟಿದ್ದರು. ಅದಕ್ಕೂ ಮುಂಚೆ ಗೂಡ್ಸ್ ಬಂಡಿಗಳು ಇದರ ಮೇಲೆ ಬಂದು ಹಳೇ ಗೋದಾಮಿನ ಬಾಗಿಲಲ್ಲೇ ನಿಲ್ಲುತ್ತಿದ್ದವಂತೆ. ನಾನು ಕಾಣುವ ಹೊತ್ತಿಗೆ ಹಳಿಗಳ ನಡುವೆ ಲಂಟಾನ ಬೆಳೆದಿತ್ತು. ಬಿಸಿಲಿಗೆ ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಳಿಯ ಮೇಲೆ ಕೂತು ಕೂತು ನನ್ನ ಯೂನಿಫಾರಂ ಚಡ್ಡಿಗೆ ತುಕ್ಕಿನ ಕಲೆ ಕಾಯಂ ಆಗಿತ್ತು.

ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು. ನಿಮ್ಮ ಬೀದಿಯ ಯಾವುದಾದರೂ ಜಾಗದ ಚರಿತ್ರೆ ಹುಡುಕಿ ಬರೆದು ತನ್ನಿ, ಶನಿವಾರ ಮನೆಯವರ ಮುಂದೆ ಓದಬೇಕು ಅಂದರು. ಅಗ್ರಹಾರದ ಹುಡುಗರು ಗುಡಿ, ಛತ್ರ ಆರಿಸಿಕೊಂಡರು. ನಾನು ಹಳಿ ಆರಿಸಿದೆ. ಮಹಾರಾಜರ ಕಾಲದ್ದು ಅಂತ ಯಾರೋ ಹೇಳಿದ್ದರು. ಅರಮನೆಯ ಆನೆಯೋ ಕುದುರೆಯೋ ಇಲ್ಲೇ ಬಂದಿಳಿದಿರಬೇಕು ಅಂತ ನನಗೆ ನಾನೇ ಕಥೆ ಕಟ್ಟಿಕೊಂಡಿದ್ದೆ.

ಶುಕ್ರವಾರ ಸಂಜೆ ಗೆಳೆಯನೊಬ್ಬನನ್ನು ಕರೆದುಕೊಂಡು, ಗೋದಾಮಿನ ಎದುರು ಬೀಡಾ ಅಂಗಡಿ ಇಟ್ಟಿದ್ದ ತಾತನ ಹತ್ತಿರ ಹೋದೆ. ಆನೆಯ ಮಾತು ಕೇಳಿ ಅವರು ಹೊಟ್ಟೆ ಕುಣಿಸಿ ನಕ್ಕರು.

"ಆನೆ ಎಲ್ಲಿಂದ ತರ್ಲಪ್ಪಾ! ಬರೀ ಅಕ್ಕಿ ಮೂಟೆ ಕಣೋ. ಅದ್ನ ನನ್ನ ಕೇಳ್ತಿದ್ದೀಯಲ್ಲ, ನಿಮ್ಮಜ್ಜಿ ಇದ್ದಿದ್ರೆ ಹೇಳೋಳು. ಪೊರಕೆ ಹಿಡ್ಕೊಂಡು ಎಲ್ಲಾರ್ಗಿಂತ ಮುಂಚೆ ಬಂದು ನಿಂತ್ಬುಡೋಳು. ರೈಲಿನ ಅಕ್ಕಿ ಕದ್ದೇ ನಿಮ್ಮಪ್ಪನ್ನ ಸಾಕಿದ್ದು!"

ಗೆಳೆಯನೂ ನಕ್ಕ. ನನ್ನ ಕಿವಿ ಎರಡೂ ಬಿಸಿಯಾದವು. ನಾನು ಹುಟ್ಟುವ ಮೊದಲೇ ಅಜ್ಜಿ ತೀರಿಹೋಗಿದ್ದಳು. ಅವಳ ಬಗ್ಗೆ ನನಗೆ ಗೊತ್ತಾದ ಮೊದಲನೇ ಸಂಗತಿಯೇ ಇದು.

ಮನೆಗೆ ಓಡಿಬಂದು ಅಕ್ಕನ ಮುಂದೆ ಬಾಯಿಬಿಟ್ಟೆ. "ಮೆತ್ತಗೆ ಮಾತಾಡೋ, ಅಪ್ಪ ಒಳಗೇ ಅವ್ನೆ" ಅಂದಳು ಅಕ್ಕ. ಅಪ್ಪನಿಗೆ ಆಗಲೇ ಕೇಳಿಸಿತ್ತು. ದಿನದಂತೆ ಅವನು ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ. ಅಂಗಡಿಯಿಂದ ತಂದ ಚೊಕ್ಕ ಅಕ್ಕಿಯನ್ನೂ ತಾನೊಂದು ಸಲ ಆರಿಸದೆ ಒಲೆಯ ಮೇಲಿಡಲು ಬಿಡುತ್ತಿರಲಿಲ್ಲ. ಅದು ಅಪ್ಪನ ಹುಚ್ಚು ಅಂತ ನಾವು ನಗುತ್ತಿದ್ದೆವು.

ಅಪ್ಪ ತಲೆ ಎತ್ತದೆಯೇ ಹೇಳಿದ. ಹಮಾಲಿಗಳು ಕೊಕ್ಕೆ ಹಾಕಿ ಎಳೆದಾಗ ಮೂಟೆ ಹರಿದು ಅಕ್ಕಿ ಚೆಲ್ಲುತ್ತಿತ್ತಂತೆ. ಮೂಟೆಗಳೆಲ್ಲ ಗೋದಾಮು ಸೇರಿದ ಮೇಲೆ ಮೇಸ್ತ್ರಿ "ಹೂಂ, ಗುಡಿಸ್ಕೊಳ್ರಮ್ಮ" ಅನ್ನುತ್ತಿದ್ದನಂತೆ. ಕಾದು ನಿಂತ ಹೆಂಗಸರು ಆಗ ಬಂಡಿಯ ನೆಲ, ಹಳಿಯ ಸಂದು ಎಲ್ಲ ಗುಡಿಸುತ್ತಿದ್ದರು. ಅಜ್ಜಿ ತಂದದ್ದರಲ್ಲಿ ಅರ್ಧ ಅಕ್ಕಿಯಾದರೆ ಅರ್ಧ ಇದ್ದಲಿನ ಪುಡಿ, ಜಲ್ಲಿ, ಗೋಣಿನಾರು. ಅಪ್ಪ ಕೂತು ಕಲ್ಲು ಆರಿಸುತ್ತಿದ್ದ. ಎಷ್ಟು ತೊಳೆದರೂ ಅನ್ನಕ್ಕೆ ಹೊಗೆಯ ವಾಸನೆ ಹೋಗುತ್ತಿರಲಿಲ್ಲ. ಬೀದಿಯ ಹುಡುಗರು ಅಪ್ಪನನ್ನು "ಕಳ್ಳಕ್ಕಿ" ಅಂತಲೇ ಕೂಗುತ್ತಿದ್ದರು. ಆ ಬೀಡಾ ಅಂಗಡಿಯ ಮುಂದೆ ಅಪ್ಪ ಯಾವತ್ತೂ ಹಾಯದೆ ಹಿಂದಿನ ಸಂದಿಯಲ್ಲೇ ಓಡಾಡುವುದು ಯಾಕೆಂದು ನನಗೆ ಆಗ ತಿಳಿಯಿತು.

"ಬೇರೆ ಏನಾದ್ರೂ ಬರೀಲಾ ಅಪ್ಪ?" ಅಂದೆ.

ಅಪ್ಪ ಮೊರ ಪಕ್ಕಕ್ಕೆ ಸರಿಸಿದ. "ಬರೀಬೇಡ ಅನ್ನಾಕಿಲ್ಲ ಕಣೋ. ಕದ್ದಿದ್ದು ಅಂತ ಬರೀಬೇಡ. ಗುಡಿಸಿದ್ದು ಅಂತ ಬರಿ."

ಮಾರನೇ ದಿನ ಅಪ್ಪ ಮೊದಲ ಸಲ ನನ್ನ ಸ್ಕೂಲಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಬೆಂಚಿನ ಮೇಲೆ ಕೂರದೆ ಬಾಗಿಲ ಹತ್ತಿರ ನಿಂತ. ನಾನು ಓದತೊಡಗಿದೆ. ಅಜ್ಜಿಯ ಹೆಸರು ಬರುತ್ತಿದ್ದಂತೆ, ನಿನ್ನೆ ಜೊತೆಗಿದ್ದ ಅದೇ ಗೆಳೆಯ "ಪೊರಕೆ ಅಜ್ಜಿ" ಅಂದ. ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಯಾರದೋ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೇಗೋ ಕೊನೆಯ ಸಾಲಿನವರೆಗೆ ಓದಿದೆ. ಚಪ್ಪಾಳೆ ಬೀಳಲಿಲ್ಲ. ಮೇಷ್ಟ್ರು "ಮುಂದಿನವರು ಬನ್ನಿ" ಅಂದರು.

ವಾಪಸು ಬರುವಾಗ ಅಪ್ಪ ಸಂದಿ ತಿರುಗುವ ಕಡೆ ನಿಂತು ಕೇಳಿದ: "ಅವ್ರ ಗಲಾಟೇಲಿ ನಂಗೆ ಕೇಳಿಸ್ಲಿಲ್ಲ. ಗುಡಿಸಿದ್ದು ಅಂತಾನೇ ಓದ್ದೆ ತಾನೆ?"

"ಹೂಂ ಅಪ್ಪ."

ಅಪ್ಪ ಸಂದಿಗೆ ತಿರುಗಲಿಲ್ಲ. ಬೀಡಾ ಅಂಗಡಿಯ ಮುಂದಿನಿಂದಲೇ ನಡೆದ. ತಲೆ ಎತ್ತಿಕೊಂಡೇನೂ ಅಲ್ಲ, ತಗ್ಗಿಸಿಕೊಂಡೇ. ನಾನು ಅವನ ಕೈ ಹಿಡಿದಿದ್ದೆ. ಅಂಗೈ ಬೆವೆತಿತ್ತು.

ಮಕ್ಕಳೇ, ಆ ನಾಚಿಕೆ ನನ್ನನ್ನು ಬಿಟ್ಟುಹೋಯಿತು ಅಂತ ನಿಮಗೆ ಸುಳ್ಳು ಹೇಳಲಾರೆ. ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮಾಡಿದವನು ನಾನು. ಅದು ನನ್ನ ಹೆಮ್ಮೆ, ಯಾರೆದುರಿಗೂ ಹೇಳುತ್ತೇನೆ. ಆದರೆ ಘಟಿಕೋತ್ಸವದಲ್ಲಿ ಹೆಸರು ಕರೆದಾಗ ವೇದಿಕೆ ಹತ್ತುತ್ತಿದ್ದಂತೆ, ಹಿಂದಿನ ಸಾಲಿನಲ್ಲಿ ಯಾರಾದರೂ "ಪೊರಕೆ ಅಜ್ಜಿ" ಅಂದಾರೆಂದು ನನ್ನ ಕಿವಿ ಕಾದಿತ್ತು.

ಈಗ ಆ ಹಳಿ ಇಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ನಿಮ್ಮ ಅಕ್ಕಿ ಹೊಳೆಯುವ ಚೀಲದಲ್ಲಿ ಬಾಗಿಲಿಗೇ ಬರುತ್ತದೆ. ನಾನು ಅದನ್ನೂ ಆರಿಸುತ್ತ ಕೂತರೆ "ಅಪ್ಪ, ಇದ್ರಲ್ಲಿ ಕಲ್ಲೇ ಇರಲ್ಲ, ಏನು ಹುಡುಕ್ತೀಯ?" ಅಂತ ನಗುತ್ತೀರಿ, ನಾವು ಅಪ್ಪನನ್ನು ನೋಡಿ ನಕ್ಕ ಹಾಗೆಯೇ. ನಿನ್ನೆ ನಿಮ್ಮಲ್ಲಿ ಚಿಕ್ಕವಳು ಅಕ್ಕಿ ಚೆಲ್ಲಿ, ಗುಡಿಸಿ, ಕಸದ ಬುಟ್ಟಿಗೆ ಹಾಕಲು ಹೊರಟಿದ್ದಳು.

"ಕೊಳೆಯಾಗಿದೆ ಅಪ್ಪ" ಅಂದಳು.

ನಾನು ಮೊರ ಒಡ್ಡಿದೆ.