ಘಟಸರ್ಪ ಮತ್ತು ಸಾಕಮ್ಮನ ಕೂಲಿ

ಮೊನ್ನೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಹೊಗೆಸೊಪ್ಪಿನ ವಾಸನೆ ಬಂತು ನೋಡಿ, ನನಗೆ ಏಳು ಹೆಡೆಯ ಘಟಸರ್ಪವೊಂದು ನೆನಪಾಯಿತು. ನಗಬೇಡಿ, ಕಾರಣವಿದೆ.

ಹುಣಸೂರಿನ ಹತ್ತಿರ ನಮ್ಮ ಸೋದರತ್ತೆಯ ಹೊಗೆಸೊಪ್ಪಿನ ಹೊಲವಿತ್ತು. ಕಿತ್ತ ಸೊಪ್ಪನ್ನು ಅಂದೇ ಕಡ್ಡಿಗಳಿಗೆ ಕಟ್ಟಿ, ಹದ ಮಾಡುವ ಬ್ಯಾರನ್ ಮನೆಗೆ ಏರಿಸಬೇಕು. ತಡವಾದರೆ ರಾಶಿಯಲ್ಲೇ ಬೆಂದು ಹಾಳಾಗುತ್ತದೆ. ನಾನಾಗ ಎಂ.ಎ. ಮುಗಿಸಿ, ರಾಜ ರಾಕ್ಷಸರ ಕಥೆ ಬರೆದು ಹೆಸರು ಮಾಡುವ ಹುಮ್ಮಸ್ಸಿನಲ್ಲಿದ್ದೆ. ನಾನು ಕಟ್ಟಿದ ಸೊಪ್ಪು ಕಡ್ಡಿ ಎತ್ತುವ ಮೊದಲೇ ಉದುರುತ್ತಿತ್ತು.

"ನೀನು ಮುಟ್‌ಬ್ಯಾಡ ಕಣ್ಲಾ, ಕುಂತ್ಕಂಡು ಕಥೆ ಏಳು" ಅಂದರು ಅತ್ತೆ.

ಹೇಳಿದೆ. ಕೋಟೆಯ ಮೇಲೆ ಘಟಸರ್ಪ ಬಂದಿದೆ. ಒಂದು ಬಾಗಿಲಲ್ಲಿ ರಾಜನಿಗೆ ಆಣೆಯಿಟ್ಟ ಸರದಾರ, ಇನ್ನೊಂದರಲ್ಲಿ ಕೂಲಿ ಸೈನಿಕ. ಇಂಥ ಕಥೆಗಳಲ್ಲಿ ಆಗುವಂತೆಯೇ ಸರದಾರನನ್ನು ನಿಲ್ಲಿಸಿ, ಕೂಲಿಯವನನ್ನು ಓಡಿಸಿದೆ.

ಸಾಕಮ್ಮ ಕೈಲಿದ್ದ ದಾರ ಕೆಳಗಿಟ್ಟರು. ಅವರೂ ಜೊತೆಯ ಮೂವರು ಹೆಂಗಸರೂ ದಿನಗೂಲಿಗೆ ಬಂದವರು. "ಕೂಲಿ ಈಸ್ಕಂಡೋನೇ ಓಡೋಗ್ಬೇಕಾ? ನಾವೇನ್ ಓಡೋದ್ವಾ?" ನಾಲ್ವರೂ ಕೈಕಟ್ಟಿ ಕುಳಿತರು. ರಾಶಿ ಬಿಸಿಯೇರುತ್ತಿತ್ತು. ಅತ್ತೆಯ ಮುಖಕ್ಕಿಂತ ಘಟಸರ್ಪವೇ ವಾಸಿ. ತಕ್ಷಣ ಕೂಲಿ ಸೈನಿಕನನ್ನು ಅರ್ಧ ದಾರಿಯಿಂದ ವಾಪಸ್ ಕರೆಸಿ, ಸರದಾರನನ್ನು ಓಡಿಸಿದೆ.

ಪಕ್ಕದ ಹೊಲದ ನಿಂಗರಾಜಣ್ಣ ಎದ್ದರು. ಅವರ ಮನೆಯವರು ಮುಯ್ಯಾಳು. ಇಂದು ನಮ್ಮಲ್ಲಿಗೆ ಅವರು, ನಾಳೆ ಅವರಲ್ಲಿಗೆ ನಾವು, ದುಡ್ಡಿನ ಮಾತಿಲ್ಲ. "ಮಾತು ಕೊಟ್ಟು ಬಂದೋರು ಓಡೋಯ್ತರಾ? ಅಂಗಾರೆ ನಾವ್ ಒಂಟೋ!"

ಅತ್ತೆ ಪಂಚಾಯ್ತಿ ಮಾಡಿದರು. ಇಬ್ಬರೂ ನಿಲ್ಲತಕ್ಕದ್ದು, ಹನ್ನೊಂದಕ್ಕೆ ಇಬ್ಬರಿಗೂ ಟೀ, ಟೀ ಮುಗಿಯುವವರೆಗೆ ಘಟಸರ್ಪ ಹೊರಗೆ ಕಾಯತಕ್ಕದ್ದು. ಎಲ್ಲರೂ ಒಪ್ಪಿ ದಾರ ಹಿಡಿದರು.

ಐದು ಗಂಟೆಗೆ ನಿಂಗರಾಜಣ್ಣನ ಮನೆಯವರು ಹಾಲು ಕರೆಯಲು ಹೊರಟರು. ಕೂಲಿಯ ಹೊತ್ತೂ ಮುಗಿದು ಉಳಿದ ಹೆಂಗಸರು ಎದ್ದರು. ರಾಶಿ ಇನ್ನೂ ಮೊಣಕಾಲೆತ್ತರವಿತ್ತು. ಸಾಕಮ್ಮ ಮಾತ್ರ ಏಳದೆ ಅತ್ತೆಯ ಜೊತೆ ಕಟ್ಟುತ್ತಲೇ ಇದ್ದರು. ನನಗೆ ಹೃದಯ ತುಂಬಿ ಬಂತು. ಕತ್ತಲಾಗುವ ಹೊತ್ತಿಗೆ ನನ್ನ ಕೂಲಿ ಸೈನಿಕ, "ನನಗೆ ಕೂಲಿ ಬೇಡ" ಎಂದು ಹಣದ ಚೀಲ ಎಸೆದು, ಒಬ್ಬನೇ ಹೋರಾಡಿ ಪ್ರಾಣ ಬಿಟ್ಟ. ನಾನೇ ಕಣ್ಣೊರೆಸಿಕೊಂಡೆ.

"ಯಾಕ್ ಸಾಯ್ಸುದ್ರಿ ಅವುನ್ನ?" ಅಂದರು ಸಾಕಮ್ಮ, ಕೊನೆಯ ಕಡ್ಡಿ ಕಟ್ಟುತ್ತಾ. "ಒಳ್ಳೇನು ಅನ್ನುಸ್ಕಳಕ್ಕೆ ಕೂಲಿ ಬುಡ್ಬೇಕಾ? ಕೂಲೀನೂ ಈಸ್ಕತನೆ, ಬಾಗ್ಲೂ ಕಾಯ್ತನೆ. ಎಲ್ಡು ಗಂಟೆ ಜಾಸ್ತಿ ಆಯ್ತು, ನಿಮ್ಮತ್ತೆಗೆ ಏಳಿ ಕೊಡ್ಸಿ."

ನಿಜ ಹೇಳುತ್ತೇನೆ. ಅವರು ಪ್ರೀತಿಯಿಂದ ಉಳಿದರು, ಆ ಕೂಲಿ ನಮಗೆ ಉಳಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಅತ್ತೆ ದುಡ್ಡು ತಂದು ಕೊಟ್ಟರು.

ಈಗಲೂ ನಾನು ಅಂಥ ಕಥೆಗಳನ್ನೇ ಬರೆಯುತ್ತೇನೆ. ನನ್ನ ಕೂಲಿ ಸೈನಿಕರು ಓಡುವುದಿಲ್ಲ, ಪುಕ್ಕಟೆ ಸಾಯುವುದೂ ಇಲ್ಲ. ಬಸ್ಸಿಳಿದು ಮನೆಗೆ ಬಂದವನು ಆಣೆಯಿಟ್ಟ ಸರದಾರನನ್ನೂ ಸಂಬಳ ಕೇಳಲು ರಾಜನ ಹತ್ತಿರ ಕಳಿಸಿದೆ. ಏಳು ಹೆಡೆಗೆ ಹೆದರದ ಆಸಾಮಿ, ಮೊನ್ನೆಯಿಂದ ಅರಮನೆಯ ಬಾಗಿಲಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾ ನಿಂತಿದ್ದಾನೆ.